ಶಹಾಬಾದಿ ಕಲ್ಲಿನಿಂದ ಮುಂಬೈ ಹೈವರೆಗೆ: ತೈಲೋದ್ಯಮ ಸೇರಬಯಸುವವರ ಕಾಲೇಜು ಓದು

(ಕಲಬುರಗಿಯಲ್ಲಿ ಪಿಯುಸಿ, ಡಿಪ್ಲೊಮಾ ಮತ್ತು ಪದವಿ ವಿದ್ಯಾರ್ಥಿಗಳು ಹಾಗೂ ಅವರ ಪಾಲಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಗುರುಗಳೆ, ಪಾಲಕರೆ, ವಿದ್ಯಾರ್ಥಿ ಮಿತ್ರರೆ,

ಈ ಸಭಾಂಗಣಕ್ಕೆ ಬರುವಾಗ ನೀವೆಲ್ಲರೂ ಶಹಾಬಾದಿ ಫರಸಿಯ ಮೇಲೆ ನಡೆದು ಬಂದಿದ್ದೀರಿ. ನಮ್ಮ ಭಾಗದ ಮನೆಗಳಲ್ಲಿ, ಮಠಗಳಲ್ಲಿ, ಶಾಲೆಯ ಪಡಸಾಲೆಗಳಲ್ಲಿ ಹಾಸಿರುವ ಈ ಕಲ್ಲು ಸುಣ್ಣದ ಕಲ್ಲಿನ ಒಂದು ರೂಪ. ಇಂದು ಭೀಮೆ ಮತ್ತು ಕಾಗಿಣೆಗಳು ಹರಿಯುವ ಈ ಸೀಮೆಯಲ್ಲಿ ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಒಂದು ಸಮುದ್ರವಿತ್ತು. ಅದರ ತಳದಲ್ಲಿ ಪದರು ಪದರಾಗಿ ಕೂತ ಕೆಸರು ಗಟ್ಟಿಯಾಗಿ ಈ ಕಲ್ಲಾಯಿತು. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಇದೇ ಜಾತಿಯ ಕಲ್ಲನ್ನೇ. 1974ರಲ್ಲಿ ‘ಸಾಗರ್ ಸಮ್ರಾಟ್’ ಎಂಬ ರಿಗ್ ಮುಂಬೈ ತೀರದಿಂದ ಸುಮಾರು 160 ಕಿಲೋಮೀಟರ್ ದೂರದ ಕಡಲಿನಲ್ಲಿ ಬಾವಿ ಕೊರೆದು ಎಣ್ಣೆ ಕಂಡುಹಿಡಿದ ಮುಂಬೈ ಹೈ ಕ್ಷೇತ್ರದಲ್ಲಿಯೂ ಎಣ್ಣೆ ಮುಖ್ಯವಾಗಿ ಇರುವುದು ಸುಣ್ಣದ ಕಲ್ಲಿನಲ್ಲಿ. 1948ರಲ್ಲಿ ಪತ್ತೆಯಾದ, ಜಗತ್ತಿನ ಅತಿದೊಡ್ಡ ತೈಲಕ್ಷೇತ್ರವೆನಿಸಿದ ಸೌದಿ ಅರೇಬಿಯಾದ ಗಾವರ್‌ನಲ್ಲಿಯೂ ಹಾಗೆಯೇ. ಹಾಗಾದರೆ ಒಂದು ಸುಣ್ಣದ ಕಲ್ಲು ನಮ್ಮ ಕಾಲಕೆಳಗಿನ ಹಾಸುಗಲ್ಲಾಗಿ, ಇನ್ನೊಂದು ಒಂದು ದೇಶದ ಬೊಕ್ಕಸವಾಗಿ ಉಳಿದದ್ದು ಏಕೆ?

ತೈಲ ಮತ್ತು ಅನಿಲ ಉದ್ಯಮಕ್ಕಾಗಿ ಕಾಲೇಜಿನಲ್ಲಿ ಏನು ಓದಬೇಕು ಎಂದು ಹೇಳಲು ನನ್ನನ್ನು ಕರೆದಿದ್ದೀರಿ. ಆ ಓದಿನ ಮೊದಲ ಅರ್ಧ ಈ ಪ್ರಶ್ನೆಯ ಉತ್ತರದಲ್ಲಿಯೇ ಅಡಗಿದೆಯಾದ್ದರಿಂದ ಇಲ್ಲಿಂದಲೇ ತೊಡಗುತ್ತೇನೆ. ಕೋರ್ಸು, ಕಾಲೇಜು, ಪ್ರವೇಶಪರೀಕ್ಷೆಗಳ ವಿಷಯ ಆಮೇಲೆ ಬರುತ್ತದೆ. ಪಾಲಕರು ಸ್ವಲ್ಪ ತಾಳ್ಮೆ ವಹಿಸಬೇಕೆಂದು ವಿನಂತಿ.

ಭೂಮಿಯೊಳಗೆ ಎಣ್ಣೆ ಕೆರೆಯಂತೆ ನಿಂತಿರುತ್ತದೆ ಎಂಬ ಕಲ್ಪನೆ ಬಹಳ ಜನರಲ್ಲಿದೆ. ಅದು ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ, ಒದ್ದೆ ಇಟ್ಟಿಗೆಯಲ್ಲಿ ನೀರು ಇರುವಂತೆ ಇರುತ್ತದೆ. ಕಲ್ಲಿನ ಗಾತ್ರದಲ್ಲಿ ಎಷ್ಟು ಪಾಲು ರಂಧ್ರ ಎಂಬುದು ಒಂದು ಲೆಕ್ಕ. ಆ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡು ದ್ರವ ಹರಿಯಲು ದಾರಿ ಕೊಡುತ್ತವೆಯೇ ಎಂಬುದು ಬೇರೆಯೇ ಲೆಕ್ಕ. ಇವನ್ನು ಪೊರಾಸಿಟಿ, ಪರ್ಮಿಯಬಿಲಿಟಿ ಎಂದು ಕರೆಯುತ್ತಾರೆ. ಎರಡನೆಯದನ್ನು ಅಳೆಯುವ ಸೂತ್ರವನ್ನು ಕೊಟ್ಟವರು 1856ರಲ್ಲಿ ಫ್ರಾನ್ಸಿನ ದಿಜೋನ್ ನಗರದ ನೀರು ಪೂರೈಕೆಗಾಗಿ ದುಡಿಯುತ್ತಿದ್ದ ಹೆನ್ರಿ ಡಾರ್ಸಿ. ಮರಳಿನ ಸೋಸುಕದ ಮೂಲಕ ನೀರು ಎಷ್ಟು ವೇಗವಾಗಿ ಇಳಿಯುತ್ತದೆ ಎಂದು ಅವರು ಅಳೆದು ಬರೆದ ಸಂಬಂಧವೇ ಇಂದಿಗೂ ರಿಸರ್ವಾಯರ್ ಎಂಜಿನಿಯರಿಂಗ್, ಅಂದರೆ ಎಣ್ಣೆ ತುಂಬಿದ ಕಲ್ಲಿನ ಪದರಿನಿಂದ ಎಣ್ಣೆ ಹೇಗೆ ಹರಿದು ಬರುತ್ತದೆಂದು ಲೆಕ್ಕ ಹಾಕುವ ಇಡೀ ವಿಷಯದ ಅಡಿಗಲ್ಲು. ಶಹಾಬಾದಿ ಕಲ್ಲಿನ ಮೇಲೆ ನೀರು ಚೆಲ್ಲಿದರೆ ಅದು ಒಳಗೆ ಇಳಿಯದೆ ಹರಿದು ಹೋಗುತ್ತದೆ. ಅಷ್ಟು ಬಿಗಿಯಾದ ಕಲ್ಲು ಅದು. ಮುಂಬೈ ಹೈಯ ಕಲ್ಲಿನಲ್ಲಿ ರಂಧ್ರಗಳಿವೆ, ಅವು ಕೂಡಿಕೊಂಡಿವೆ, ಮೇಲೆ ದ್ರವವನ್ನು ಬಿಡದ ಜೇಡಿಕಲ್ಲಿನ ಮುಚ್ಚಳವಿದೆ, ಸಮೀಪದ ಆಳದಲ್ಲಿ ಜೀವಿಗಳ ಅವಶೇಷ ಹೂತು ಶಾಖದಿಂದ ಎಣ್ಣೆಯಾದ ಮೂಲಶಿಲೆಯಿದೆ. ಈ ನಾಲ್ಕೂ ಸರಿಯಾದ ಕ್ರಮದಲ್ಲಿ, ಸರಿಯಾದ ಕಾಲದಲ್ಲಿ ಕೂಡಿಬರಬೇಕು. ಎಣ್ಣೆ ಹುಟ್ಟಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ಕಿಲೋಮೀಟರ್ ಆಳದ ಶಾಖ ಬೇಕಾಗುತ್ತದೆ. ನಮ್ಮ ಭೀಮಾ ಸೀಮೆಯ ಪದರುಗಳೋ ತೆಳುವು. ಬೀದರಿನ ಕಡೆ ಹೋದರೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕಪ್ಪು ಕಲ್ಲು, ಅದರ ತಲೆಯ ಮೇಲೆ ಜಂಬಿಟ್ಟಿಗೆ.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಪೆಟ್ರೋಲಿಯಂ ಓದಲು ಎಣ್ಣೆ ಸಿಗುವ ಊರಿನಲ್ಲಿಯೇ ಹುಟ್ಟಿರಬೇಕಾಗಿಲ್ಲ. ಚಿತ್ತಾಪುರ, ಸೇಡಂಗಳ ಕಲ್ಲಿನ ಗಣಿಯಲ್ಲಿ ಪದರುಗಳನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಪದರಶಿಲೆಯ ಪಾಠ ಅರ್ಧ ತಿಳಿದಂತೆಯೇ. ನಮ್ಮ ಮಕ್ಕಳಿಗೆ ಈ ಅನುಕೂಲ ಇದೆಯೆಂದು ಯಾರೂ ಹೇಳದೆ ಇರುವುದು ನನಗೆ ಬಹಳ ದಿನಗಳಿಂದ ನೋವು ತಂದಿದೆ.

ಈಗ ಕೊರೆತದ ಕಡೆಗೆ ಬರುತ್ತೇನೆ. ಹೊಲದಲ್ಲಿ ಬೋರು ಹಾಕಿಸುವುದನ್ನು ನೀವೆಲ್ಲ ನೋಡಿದ್ದೀರಿ. ಗಾಡಿ ಬಂದು ನಿಲ್ಲುತ್ತದೆ, ಕಂಪ್ರೆಸರಿನ ಗಾಳಿಯ ಬಲದಿಂದ ಸುತ್ತಿಗೆ ಕಲ್ಲನ್ನು ಕುಟ್ಟುತ್ತದೆ, ಬಿಳಿಯ ಇಲ್ಲವೆ ಕರಿಯ ಹುಡಿ ಮೇಲೆ ಹಾರುತ್ತದೆ, ಐದುನೂರು ಇಲ್ಲವೆ ಎಂಟುನೂರು ಅಡಿಗೆ ನೀರು ಬಂದರೆ ಮನೆಯವರ ಮುಖ ಅರಳುತ್ತದೆ. ಎಣ್ಣೆಯ ಬಾವಿ ಹತ್ತು ಸಾವಿರ ಅಡಿ, ಅಂದರೆ ಸುಮಾರು 3000 ಮೀಟರ್ ಇಳಿಯುವುದು ಸಾಮಾನ್ಯ. ಅಲ್ಲಿ ಗಾಳಿಯ ಬದಲು ‘ಮಡ್’ ಎಂದು ಕರೆಯುವ ತೂಕದ ದ್ರವವನ್ನು ಬಳಸುತ್ತಾರೆ. ನೀರಿಗೆ ಬೆಂಟೊನೈಟ್ ಜೇಡಿ, ಬೆರೈಟ್ ಖನಿಜದ ಪುಡಿ ಮುಂತಾದವನ್ನು ಬೆರೆಸಿ ಮಾಡುವ ಈ ದ್ರವ ಕೊಳವೆಯ ಒಳಗಿನಿಂದ ಇಳಿದು, ಕೊರೆಯುವ ಬಿಟ್ಟನ್ನು ತಂಪುಮಾಡಿ, ಕಲ್ಲಿನ ಚೂರುಗಳನ್ನು ಹೊತ್ತು ಹೊರಗಿನ ಸಂದಿಯಿಂದ ಮೇಲೆ ಬರುತ್ತದೆ. ಅದಕ್ಕಿಂತ ದೊಡ್ಡ ಕೆಲಸ ಅದಕ್ಕೆ ಇನ್ನೊಂದಿದೆ. ಕಲ್ಲಿನ ರಂಧ್ರಗಳಲ್ಲಿರುವ ಅನಿಲ ಮತ್ತು ಎಣ್ಣೆ ಬಾವಿಯೊಳಗೆ ನುಗ್ಗದಂತೆ ತನ್ನ ತೂಕದಿಂದ ಅದು ತಡೆಯುತ್ತದೆ.

ಪ್ರಥಮ ಪಿಯುಸಿ ಭೌತಶಾಸ್ತ್ರದ ದ್ರವಗಳ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಒತ್ತಡವೆಂದರೆ ಸಾಂದ್ರತೆ, ಗುರುತ್ವ, ಆಳಗಳ ಗುಣಲಬ್ಧ. ಘನಮೀಟರಿಗೆ 1200 ಕಿಲೋಗ್ರಾಂ ಸಾಂದ್ರತೆಯ ಮಡ್ 3000 ಮೀಟರ್ ಆಳದಲ್ಲಿ ಸುಮಾರು 353 ಬಾರ್ ಒತ್ತಡ ಹಾಕುತ್ತದೆ. ಕಾರಿನ ಚಕ್ರದಲ್ಲಿರುವ ಗಾಳಿ ಸುಮಾರು 2 ಬಾರ್ ಎಂಬುದನ್ನು ಹೋಲಿಸಿ ನೋಡಿ. ಕಲ್ಲಿನೊಳಗಿನ ಅನಿಲದ ಒತ್ತಡ 340 ಬಾರ್ ಇದ್ದರೆ ಬಾವಿ ಸುರಕ್ಷಿತ. ಯಾರದೋ ಎಚ್ಚರಗೇಡಿನಿಂದ ಸಾಂದ್ರತೆ 1100ಕ್ಕೆ ಇಳಿಯಿತು ಎಂದುಕೊಳ್ಳಿ. ಒತ್ತಡ ಸುಮಾರು 324 ಬಾರ್‌ಗೆ ಇಳಿಯುತ್ತದೆ, ಅನಿಲ ಬಾವಿಯೊಳಗೆ ಬರತೊಡಗುತ್ತದೆ, ಮೇಲೇರುತ್ತ ಹಿಗ್ಗುತ್ತದೆ, ಹಿಗ್ಗಿದಷ್ಟೂ ಮಡ್ ಅನ್ನು ಹೊರತಳ್ಳುತ್ತದೆ, ಮಡ್ ಹೊರಹೋದಷ್ಟೂ ತಡೆಯುವ ಒತ್ತಡ ಕುಗ್ಗುತ್ತದೆ. ಸಮಯಕ್ಕೆ ಬಾವಿಯ ಬಾಯಿಯನ್ನು ಮುಚ್ಚದಿದ್ದರೆ ಅದು ಸ್ಫೋಟ. 2020ರ ಮೇ 27ರಂದು ಅಸ್ಸಾಮಿನ ಬಾಘಜಾನ್‌ನಲ್ಲಿ ಒಂದು ಅನಿಲ ಬಾವಿ ಹೀಗೆ ಕೈಮೀರಿತು. ಜೂನ್ 9ರಂದು ಬೆಂಕಿ ಹತ್ತಿತು. ಅದನ್ನು ಪೂರ್ತಿಯಾಗಿ ನಂದಿಸುವ ಹೊತ್ತಿಗೆ ನವೆಂಬರ್ ಬಂದಿತ್ತು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವ ಆ ಸೂತ್ರದ ಮೇಲೆ ಮನುಷ್ಯರ ಪ್ರಾಣ ನಿಂತಿರುತ್ತದೆ ಎಂಬುದನ್ನು ನಮ್ಮ ತರಗತಿಗಳಲ್ಲಿ ಹೇಳಿಕೊಡಬೇಕು.

ಇಲ್ಲಿ ಸಿಮೆಂಟಿನ ಮಾತು ಬರುತ್ತದೆ. ಬಾವಿ ಕೊರೆದ ಮೇಲೆ ಉಕ್ಕಿನ ಕೊಳವೆ ಇಳಿಸಿ, ಕೊಳವೆಗೂ ಕಲ್ಲಿಗೂ ನಡುವಿನ ಸಂದಿಯಲ್ಲಿ ಸಿಮೆಂಟಿನ ಪಾಕ ತುಂಬುತ್ತಾರೆ. ಅದು ಕಟ್ಟಡದ ಸಿಮೆಂಟ್ ಅಲ್ಲ; ಜಿ ವರ್ಗವೆಂದು ಗುರುತಿಸುವ ಬೇರೆ ಬಗೆಯದು. ಆಳದ ಶಾಖದಲ್ಲಿ ಬೇಗ ಗಟ್ಟಿಯಾಗಿ ಕೊಳವೆಯೊಳಗೇ ಸಿಕ್ಕಿಕೊಳ್ಳದಂತೆ ರಾಸಾಯನಿಕಗಳನ್ನು ಬೆರೆಸಬೇಕು, ಸುಮಾರು 110 ಡಿಗ್ರಿ ಸೆಲ್ಸಿಯಸ್ ಮೀರಿದರೆ ದಿನಕಳೆದಂತೆ ಬಲ ಕುಂದದಿರಲು ಸಿಲಿಕಾ ಪುಡಿಯನ್ನು ಸೇರಿಸಬೇಕು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿ 11 ಜನ ಸತ್ತಾಗ ಮೊದಲು ಸೋತ ತಡೆಗಳಲ್ಲಿ ಬಾವಿಯ ತಳದ ಸಿಮೆಂಟೂ ಒಂದು. ನಮ್ಮದು ಸಿಮೆಂಟಿನ ನಾಡು. 1958ರಲ್ಲಿ ಆರಂಭವಾದ ಇಲ್ಲಿನ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೆರಾಮಿಕ್ಸ್ ಮತ್ತು ಸಿಮೆಂಟ್ ತಂತ್ರಜ್ಞಾನವನ್ನೇ ಒಂದು ಶಾಖೆಯಾಗಿ ಕಲಿಸಿದ್ದಾರೆ. ಆ ಓದಿಗೆ ತೈಲಬಾವಿಯ ಸಿಮೆಂಟಿಂಗ್ ಎಂಬ ಬಾಗಿಲೂ ಇದೆಯೆಂದು ಎಷ್ಟು ಮಕ್ಕಳಿಗೆ ತಿಳಿದಿದೆ?

ಇನ್ನು ಶುದ್ಧೀಕರಣ. ದಾಲ್ ಮಿಲ್ಲಿನಲ್ಲಿ ತೊಗರಿಯನ್ನು ಜರಡಿಯಿಂದ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವುದನ್ನು ಕಂಡವರಿಗೆ ರಿಫೈನರಿಯ ಎತ್ತರದ ಗೋಪುರ ಅರ್ಥವಾಗುವುದು ಕಷ್ಟವಲ್ಲ; ಅಲ್ಲಿ ಗಾತ್ರದ ಬದಲು ಕುದಿಯುವ ಬಿಂದು ನೋಡಿ ಬೇರ್ಪಡಿಸುತ್ತಾರೆ. ಕಚ್ಚಾತೈಲವನ್ನು ಸುಮಾರು 350ರಿಂದ 370 ಡಿಗ್ರಿಯವರೆಗೆ ಕಾಸಿ ಗೋಪುರಕ್ಕೆ ಬಿಟ್ಟರೆ ಹಗುರಾದ ಅನಿಲ ಮತ್ತು ನಾಫ್ತಾ ಮೇಲೆ, ಸೀಮೆಎಣ್ಣೆ ಮತ್ತು ಡೀಸೆಲ್ ನಡುವೆ, ಭಾರವಾದದ್ದು ತಳದಲ್ಲಿ ಉಳಿಯುತ್ತದೆ. ಇನ್ನೂ ಹೆಚ್ಚು ಕಾಸಿದರೆ ತಳದ ಭಾರದ ಎಣ್ಣೆ ಒಡೆದು ಕರಿಯಾಗುತ್ತದೆ. ಆದ್ದರಿಂದ ಅದನ್ನು ಎರಡನೆಯ ಗೋಪುರಕ್ಕೆ ಕಳುಹಿಸಿ, ಅಲ್ಲಿ ಒತ್ತಡ ಇಳಿಸಿ, ಕಡಿಮೆ ಶಾಖದಲ್ಲಿಯೇ ಕುದಿಸುತ್ತಾರೆ.

ನನ್ನ ಸ್ವಂತ ಅನುಭವವೊಂದನ್ನು ಹೇಳಲೇಬೇಕು. ನಾನು ಓದಿದ್ದು ಮೆಕ್ಯಾನಿಕಲ್. ಥರ್ಮೊಡೈನಮಿಕ್ಸ್ ವಿಷಯವನ್ನು ನಮ್ಮ ತರಗತಿಯಲ್ಲಿ ಟಿಪ್ಪಣಿ ಬರೆಯಿಸಿ ಮುಗಿಸಿದರು. ನಾವು ಗೈಡ್ ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದೆವು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಡಿಪ್ಲೊಮಾ ಓದಿದ್ದ ಹಿರಿಯ ಆಪರೇಟರೊಬ್ಬರು ಆ ಎರಡನೆಯ ಗೋಪುರವನ್ನು ತೋರಿಸಿ, ‘ಇದರೊಳಗೆ ಒತ್ತಡ ಯಾಕೆ ಇಳಿಸ್ತೀವಿ, ಹೇಳಿ’ ಎಂದು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಬೆಟ್ಟದ ಮೇಲೆ ಅನ್ನ ಬೇಗ ಬೇಯುವುದಿಲ್ಲ, ಏಕೆಂದರೆ ಅಲ್ಲಿ ನೀರು ಕಡಿಮೆ ಶಾಖದಲ್ಲಿಯೇ ಕುದಿಯುತ್ತದೆ ಎಂಬ ಶಾಲೆಯ ಪಾಠವೇ ಅದರ ಉತ್ತರ. ಆ ರಾತ್ರಿ ಕೋಣೆಗೆ ಹೋಗಿ ಪುಸ್ತಕವನ್ನು ಮೊದಲ ಪುಟದಿಂದ ಓದತೊಡಗಿದೆ. ಇಂದು ನಿಮ್ಮ ಮುಂದೆ ಇಡಬೇಕಾದ ಮುಖ್ಯ ಮಾತು ಅಲ್ಲಿಂದ ಬಂದದ್ದು: ಈ ಉದ್ಯಮದಲ್ಲಿ ನಿಮ್ಮನ್ನು ಮೂವತ್ತು ವರ್ಷ ಕಾಯುವುದು ಕೊನೆಯ ವರ್ಷದ ವಿಶೇಷ ವಿಷಯಗಳಿಗಿಂತ ಮೊದಲ ಎರಡು ವರ್ಷಗಳ ತಳಪಾಯದ ವಿಷಯಗಳು. ಥರ್ಮೊಡೈನಮಿಕ್ಸ್, ದ್ರವಚಲನೆ, ಉಷ್ಣ ಸಾಗಣೆ, ವಸ್ತುಗಳ ಬಲ, ಭೌತ ರಸಾಯನ, ಭೂವಿಜ್ಞಾನ, ಗಣಿತ, ಇವನ್ನು ಗೈಡ್ ನೋಡಿ ದಾಟಿದವರು ಮುಂದೆ ಎಲ್ಲಿಯೋ ಒಂದು ಕಡೆ ಮುಗ್ಗರಿಸುತ್ತಾರೆ.

ಪೆಟ್ರೋಲಿಯಂ ಎಂಜಿನಿಯರಿಂಗ್ ಪದವಿಯ ಪಠ್ಯವನ್ನು ತೆರೆದು ನೋಡಿದರೂ ಇದೇ ಕಾಣುತ್ತದೆ. ಮೊದಲ ವರ್ಷ ಎಲ್ಲ ಶಾಖೆಗಳಂತೆಯೇ ಗಣಿತ, ಭೌತ, ರಸಾಯನ, ಡ್ರಾಯಿಂಗ್, ಪ್ರೋಗ್ರಾಮಿಂಗ್. ಎರಡನೆಯ ವರ್ಷದಲ್ಲಿ ಭೂವಿಜ್ಞಾನ ಮತ್ತು ದ್ರವಚಲನೆ. ಮೂರನೆಯ ವರ್ಷದಲ್ಲಿ ಕೊರೆತ, ರಿಸರ್ವಾಯರ್, ಉತ್ಪಾದನೆ, ವೆಲ್ ಲಾಗಿಂಗ್. ಈ ಲಾಗಿಂಗ್ ಎಂಬುದು ಬಾವಿಯೊಳಗೆ ಉಪಕರಣ ಇಳಿಸಿ ಕಲ್ಲಿನ ವಿದ್ಯುತ್ ರೋಧ, ವಿಕಿರಣ ಮುಂತಾದವನ್ನು ಅಳೆಯುವ ವಿದ್ಯೆ; 1927ರಲ್ಲಿ ಫ್ರಾನ್ಸಿನ ಪೆಶೆಲ್‌ಬ್ರಾನ್‌ನಲ್ಲಿ ಷ್ಲಂಬರ್ಜೆ ಸಹೋದರರ ತಂಡ ಇದನ್ನು ಮೊದಲು ಮಾಡಿತು. ಉಪ್ಪುನೀರು ವಿದ್ಯುತ್ತನ್ನು ಹರಿಯಬಿಡುತ್ತದೆ, ಎಣ್ಣೆ ಬಿಡುವುದಿಲ್ಲ ಎಂಬಷ್ಟು ಸರಳ ತತ್ತ್ವದಿಂದ ಮೂರು ಕಿಲೋಮೀಟರ್ ಕೆಳಗಿನ ಕಲ್ಲಿನಲ್ಲಿ ಎಣ್ಣೆಯ ಪಾಲು ಎಷ್ಟೆಂದು ಲೆಕ್ಕ ಹಾಕುತ್ತಾರೆ. ಕೊನೆಯ ವರ್ಷದಲ್ಲಿ ಕ್ಷೇತ್ರದಲ್ಲಿ ಉಳಿದ ಎಣ್ಣೆಯನ್ನು ಹೊರತೆಗೆಯುವ ಉಪಾಯಗಳು, ಕಡಲ ಕೊರೆತ, ಅರ್ಥಶಾಸ್ತ್ರ, ಸುರಕ್ಷತೆ. ರಾಜಸ್ಥಾನದ ಬಾಡಮೇರಿನಲ್ಲಿ 2004ರಲ್ಲಿ ಪತ್ತೆಯಾದ ಮಂಗಳಾ ಕ್ಷೇತ್ರದ ಎಣ್ಣೆ ಮೇಣದಂತೆ ಹೆಪ್ಪುಗಟ್ಟುವ ಜಾತಿಯದು. ಅದನ್ನು ಗುಜರಾತಿಗೆ ಸಾಗಿಸಲು ಉದ್ದಕ್ಕೂ ಬಿಸಿಯಾಗಿಡುವ ಕೊಳವೆಮಾರ್ಗ ಹಾಕಬೇಕಾಯಿತು, ನೆಲದೊಳಗೆ ಎಣ್ಣೆಯನ್ನು ತಳ್ಳಲು ಪಾಲಿಮರ್ ಬೆರೆಸಿದ ನೀರನ್ನು ನೂಕಬೇಕಾಯಿತು. ಭೂವಿಜ್ಞಾನಿ, ರಸಾಯನಜ್ಞ, ಮೆಕ್ಯಾನಿಕಲ್ ಎಂಜಿನಿಯರ್, ವೆಲ್ಡರ್ ನಾಲ್ವರೂ ಕೂಡದೆ ಇಂಥ ಕೆಲಸ ಸಾಗುವುದಿಲ್ಲ.

ಕಾಲೇಜುಗಳ ಬಗ್ಗೆ ಪಾಲಕರು ಕೇಳುತ್ತಾರೆ. ಧನ್‌ಬಾದಿನಲ್ಲಿ 1926ರಲ್ಲಿ ಗಣಿ ಶಾಲೆಯಾಗಿ ಆರಂಭವಾಗಿ 2016ರಲ್ಲಿ ಐಐಟಿಯಾದ ಸಂಸ್ಥೆಯಲ್ಲಿ ಪೆಟ್ರೋಲಿಯಂ ಎಂಜಿನಿಯರಿಂಗ್ 1957ರಿಂದ ಇದೆ. ಉತ್ತರ ಪ್ರದೇಶದ ಜಾಯಸ್‌ನಲ್ಲಿ ರಾಜೀವ್ ಗಾಂಧಿ ಪೆಟ್ರೋಲಿಯಂ ತಂತ್ರಜ್ಞಾನ ಸಂಸ್ಥೆ, ವಿಶಾಖಪಟ್ಟಣದಲ್ಲಿ 2016ರಲ್ಲಿ ತೆರೆದ ಭಾರತೀಯ ಪೆಟ್ರೋಲಿಯಂ ಮತ್ತು ಇಂಧನ ಸಂಸ್ಥೆ ಸರ್ಕಾರದವು. ಇವಕ್ಕೆ ಜೆಇಇ ಬರೆಯಬೇಕು. ಗಾಂಧಿನಗರ, ಡೆಹರಾಡೂನ್, ಪುಣೆಗಳಲ್ಲಿ ಖಾಸಗಿ ಮತ್ತು ಇತರ ಸಂಸ್ಥೆಗಳಿವೆ. ಕಾಕಿನಾಡದ ಜೆಎನ್‌ಟಿಯು ನಮಗೆ ತೀರ ದೂರವಲ್ಲ. ಆದರೆ ಸಾಲ ಮಾಡಿ ದೊಡ್ಡ ಶುಲ್ಕದ ಕಾಲೇಜಿಗೆ ‘ಪೆಟ್ರೋಲಿಯಂ’ ಎಂಬ ಹೆಸರಿಗಾಗಿಯೇ ಸೇರಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಈ ಉದ್ಯಮದ ಬೆಲೆ ಏರಿಳಿಯುವ ರೀತಿಯನ್ನು ನೋಡಿ. 2014ರ ನಡುವಿನಲ್ಲಿ ಬ್ಯಾರೆಲ್ಲಿಗೆ 100 ಡಾಲರ್ ಮೀರಿದ್ದ ಎಣ್ಣೆ 2016ರ ಜನವರಿಯಲ್ಲಿ 30ಕ್ಕೂ ಕೆಳಗಿಳಿಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ಮುಂಗಡ ಮಾರುಕಟ್ಟೆಯಲ್ಲಿ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು. ಬೆಲೆ ಬಿದ್ದಾಗ ಕಂಪನಿಗಳು ಮೊದಲು ನಿಲ್ಲಿಸುವುದು ಹೊಸ ಬಾವಿಗಳನ್ನು, ಹೊಸ ನೇಮಕಗಳನ್ನು. ಆ ವರ್ಷ ಪೆಟ್ರೋಲಿಯಂ ಪದವಿ ಮುಗಿಸಿದವನಿಗೆ ಬೇರೆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಕೆಮಿಕಲ್, ಮೆಕ್ಯಾನಿಕಲ್, ಇನ್‌ಸ್ಟ್ರುಮೆಂಟೇಶನ್ ಓದಿದವನು ಬೀದರಿನ ಕೊಳಾರದ ಔಷಧ ಕಾರ್ಖಾನೆಯಲ್ಲಿಯೋ, ಯಾದಗಿರಿ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿಯೋ, ಸೇಡಂನ ಸಿಮೆಂಟ್ ಗೂಡಿನ ಮುಂದೆಯೋ ಎರಡು ವರ್ಷ ದುಡಿದು, ಉದ್ಯಮ ಚೇತರಿಸಿಕೊಂಡಾಗ ರಿಫೈನರಿಗೆ ಹೋಗಬಲ್ಲ. ಐಐಟಿಯಂಥ ಕಡೆ ಸೀಟು ಸಿಕ್ಕರೆ ಪೆಟ್ರೋಲಿಯಂ ತೆಗೆದುಕೊಳ್ಳಿ; ಇಲ್ಲವಾದರೆ ಮೂಲ ಶಾಖೆಯಲ್ಲಿ ಬಿ.ಇ. ಮಾಡಿ, ಬೇಕೆನಿಸಿದರೆ ಎಂ.ಟೆಕ್. ಮಟ್ಟದಲ್ಲಿ ಪೆಟ್ರೋಲಿಯಂ ಓದಿ. ಇದು ನನ್ನ ಖಚಿತ ಅಭಿಪ್ರಾಯ.

ಈ ದಾರಿಯಲ್ಲಿ ನಮ್ಮ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯ ಬೆಂಬಲವಿದೆ. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು ಎಂಬುದು ಎಲ್ಲರಿಗೂ ಗೊತ್ತು. ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇಕಡಾ 8ರಷ್ಟು ಇದೆ ಎಂಬುದನ್ನು ಹಲವರು ಮರೆಯುತ್ತಾರೆ. ಬೆಂಗಳೂರಿನ ಆರ್.ವಿ., ಬಿ.ಎಂ.ಎಸ್., ಎಂ.ಎಸ್. ರಾಮಯ್ಯ, ತುಮಕೂರಿನ ಸಿದ್ಧಗಂಗಾ ಕಾಲೇಜುಗಳಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಇದೆ. ಸಿಇಟಿ ಅರ್ಜಿ ತುಂಬುವಾಗ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಿ. ಎನ್‌ಐಟಿ, ಐಐಟಿಗಳಿಗೆ ಈ ಮೀಸಲಾತಿ ಅನ್ವಯಿಸುವುದಿಲ್ಲ. ಆದರೆ ಸುರತ್ಕಲ್ಲಿನ ಎನ್‌ಐಟಿಯಲ್ಲಿ ಕರ್ನಾಟಕದವರಿಗೆಂದೇ ಅರ್ಧದಷ್ಟು ಸೀಟುಗಳಿವೆ, ಅಲ್ಲಿ ಕೆಮಿಕಲ್ ಶಾಖೆಯೂ ಇದೆ. ಅದರ ಹತ್ತಿರವೇ ವರ್ಷಕ್ಕೆ 150 ಲಕ್ಷ ಟನ್ ಕಚ್ಚಾತೈಲ ಶುದ್ಧೀಕರಿಸುವ ಎಂಆರ್‌ಪಿಎಲ್ ಇದೆ, ಮಂಗಳೂರು ಮತ್ತು ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಕಚ್ಚಾತೈಲದ ಸಂಗ್ರಹಗಳಿವೆ. ಕರ್ನಾಟಕದಲ್ಲಿ ಈ ಉದ್ಯಮವನ್ನು ಕಣ್ಣಿನಿಂದ ನೋಡಬೇಕೆಂದರೆ ಆ ಕಡೆ ಹೋಗಬೇಕು.

ಡಿಪ್ಲೊಮಾ ಮತ್ತು ಐಟಿಐ ವಿದ್ಯಾರ್ಥಿಗಳು ಇಲ್ಲಿ ಬಹಳ ಜನ ಇದ್ದೀರಿ. ಒಂದು ರಿಫೈನರಿಯನ್ನು ಹಗಲಿರುಳು ನಡೆಸುವವರು ನೀವೇ. ಐಟಿಐಯಲ್ಲಿ ಫಿಟ್ಟರ್, ವೆಲ್ಡರ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ಕೆಮಿಕಲ್ ಪ್ಲಾಂಟ್ ಅಟೆಂಡೆಂಟ್ ಆಪರೇಟರ್ ವೃತ್ತಿಗಳು ಇದಕ್ಕೆ ನೇರವಾಗಿ ಹೊಂದುತ್ತವೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸಾರ್ವಜನಿಕ ತೈಲ ಕಂಪನಿಗಳು ತರಬೇತಿಗೆ ತೆಗೆದುಕೊಳ್ಳುತ್ತವೆ. ವೆಲ್ಡರುಗಳು ಓರೆಯಾಗಿ ನಿಲ್ಲಿಸಿದ ಕೊಳವೆಯ ಸುತ್ತ ಬೆಸುಗೆ ಹಾಕುವ 6ಜಿ ಪರೀಕ್ಷೆಗೆ ಕೈ ಪಳಗಿಸಿಕೊಳ್ಳಿ. ಉಕ್ಕಿನ ಗುಣವನ್ನೂ ಕಲಿಯಿರಿ: ಹೆಚ್ಚು ಗಡುಸಾದ ಉಕ್ಕು ಹೆಚ್ಚು ಒಳ್ಳೆಯದು ಎಂದು ನಾವು ಭಾವಿಸುತ್ತೇವೆ, ಆದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರುವ ಕೊಳವೆಯಲ್ಲಿ ಗಡುಸು ಬೆಸುಗೆಯೇ ಮೊದಲು ಸೀಳು ಬಿಡುತ್ತದೆ. ಕೊಲ್ಲಿ ದೇಶಗಳಿಗೆ ಹೋಗುವವರು ಏಜೆಂಟರ ಮಾತಿಗೆ ಹಣ ಕೊಡುವ ಮೊದಲು ಅವರಿಗೆ 1983ರ ವಲಸೆ ಕಾಯ್ದೆಯಡಿ ಪರವಾನಗಿ ಇದೆಯೇ ಎಂದು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಲೇಬೇಕು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ವಲಸೆ ಅನುಮತಿ ಬೇಕೆಂಬ ಗುರುತು ಇರುತ್ತದೆ. ಅದೊಂದು ಕಾರಣಕ್ಕಾದರೂ ಎಸ್‌ಎಸ್‌ಎಲ್‌ಸಿ ಬಿಟ್ಟವರು ಮರಳಿ ಕುಳಿತು ಮುಗಿಸಿ.

ಸುರಕ್ಷತೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ಕಾಲೇಜುಗಳಲ್ಲಿ ಇದನ್ನು ಪಾಸಾಗುವುದಕ್ಕೆ ಮಾತ್ರ ಓದುವ ವಿಷಯವೆಂದು ತಿಳಿದಿದ್ದಾರೆ. ನಾನು ಕೆಲಸ ಮಾಡಿದ ಒಂದು ಕಡೆ ರಿಪೇರಿಗೆಂದು ಒಂದು ಪಾತ್ರೆಯನ್ನು ಖಾಲಿ ಮಾಡಿ ಸಾರಜನಕ ತುಂಬಿಸಿ ಇಟ್ಟಿದ್ದರು. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ಇರುವ ಅನಿಲ ಅದು, ಬಣ್ಣವಿಲ್ಲ, ವಾಸನೆಯಿಲ್ಲ. ಒಳಗಿನ ಆಮ್ಲಜನಕ ಅಳೆಯದೆ ಒಬ್ಬ ಗುತ್ತಿಗೆ ಕಾರ್ಮಿಕ ತಲೆ ಒಳಗೆ ಹಾಕಿ ಇಳಿದ. ಕ್ಷಣದಲ್ಲಿ ಕುಸಿದ. ಅವನನ್ನು ಎತ್ತಲು ಹೋದ ಗೆಳೆಯನೂ ಕುಸಿದ. ಗೆಳೆಯನನ್ನು ಉಳಿಸಿಕೊಂಡೆವು, ಮೊದಲು ಇಳಿದವನನ್ನು ಉಳಿಸಿಕೊಳ್ಳಲಾಗಲಿಲ್ಲ. ಅವನ ವಯಸ್ಸು ನಿಮ್ಮಲ್ಲಿ ಹಲವರ ವಯಸ್ಸೇ. ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ್ದು: ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು ಆದಾಗ ಮೂಗು ಮಂಕಾಗಿ ವಾಸನೆಯೇ ತಿಳಿಯುವುದಿಲ್ಲ, ಅನಿಲ ಹೋಯಿತೆಂದು ಮನುಷ್ಯ ಮುಂದೆ ನಡೆಯುತ್ತಾನೆ. 1988ರ ಜುಲೈ 6ರಂದು ಉತ್ತರ ಸಮುದ್ರದಲ್ಲಿ ತೈಲ ತೆಗೆಯುವ ಪೈಪರ್ ಆಲ್ಫಾ ವೇದಿಕೆಯಲ್ಲಿ 167 ಜನ ಸತ್ತರು. ರಿಪೇರಿಗಾಗಿ ಸುರಕ್ಷತಾ ಕವಾಟ ತೆಗೆದಿದ್ದ ಪಂಪನ್ನು ರಾತ್ರಿ ಪಾಳಿಯವರು ತಿಳಿಯದೆ ಚಾಲೂ ಮಾಡಿದ್ದು ಆ ದುರಂತದ ಆರಂಭ. ಒಂದು ಪಾಳಿಯ ಮಾಹಿತಿ ಇನ್ನೊಂದು ಪಾಳಿಗೆ ದಾಟಲಿಲ್ಲ. ಆದ್ದರಿಂದ ನಿಮ್ಮ ಕಾಲೇಜಿನ ಪ್ರಯೋಗಾಲಯದ ದಾಖಲೆ ಪುಸ್ತಕವನ್ನು ನಕಲು ಮಾಡಬೇಡಿ. ಕಂಡದ್ದನ್ನು ಕಂಡಂತೆ, ಮುಂದಿನವನಿಗೆ ಅರ್ಥವಾಗುವಂತೆ ಬರೆಯುವುದೂ ಈ ಉದ್ಯೋಗದ ಒಂದು ಪಠ್ಯವೇ.

ಉಪನ್ಯಾಸದ ನಂತರ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ. ಆಳಂದದ ಕಡೆಯ ತಂದೆಯೊಬ್ಬರು, ‘ಸರ್, ಕರೆಂಟಿನ ಗಾಡಿ ಬಂದ ಮೇಲೆ ಈ ಎಣ್ಣೆಯ ಓದಿಗೆ ಬೆಲೆ ಇರ್ತದೇನ್ರಿ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ದೇಶ ಬಳಸುವ ಕಚ್ಚಾತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಬಳಕೆ ಕಡಿಮೆಯಾಗುತ್ತ ಹೋದರೂ ರಿಫೈನರಿ, ಕೊಳವೆಮಾರ್ಗ, ರಸಾಯನ ಕಾರ್ಖಾನೆಗಳನ್ನು ನಡೆಸುವವರು ಇಂದಿನ ವಿದ್ಯಾರ್ಥಿಗಳ ವೃತ್ತಿಜೀವನದ ಉದ್ದಕ್ಕೂ ಬೇಕು. ಇಂಗಾಲದ ಡೈಆಕ್ಸೈಡನ್ನು ಆಳದ ಕಲ್ಲಿನಲ್ಲಿ ತುಂಬಿಡುವ ಕೆಲಸಕ್ಕೂ, ಭೂಶಾಖದಿಂದ ವಿದ್ಯುತ್ ತೆಗೆಯುವುದಕ್ಕೂ, ಹೈಡ್ರೋಜನ್ ತಯಾರಿಕೆಗೂ ಬೇಕಾದದ್ದು ಡಾರ್ಸಿಯ ಸೂತ್ರ, ಬಾವಿಯ ಸಿಮೆಂಟ್, ಥರ್ಮೊಡೈನಮಿಕ್ಸ್ ಇವೇ. ಕೊನೆಯ ವರ್ಷದ ಹೆಸರುಗಳು ಬದಲಾಗಬಹುದು. ತಳಪಾಯ ಓದಿದವರಿಗೆ ಅದರ ಚಿಂತೆ ಕಡಿಮೆ.

ಎರಡನೆಯದು ಸೇಡಂ ತಾಲೂಕಿನ ಒಬ್ಬ ವಿದ್ಯಾರ್ಥಿನಿಯದು. ಬಿ.ಎಸ್ಸಿ. ಓದುತ್ತಿದ್ದಾಳೆ, ತಂದೆ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಾರೆ. ‘ಎಂಜಿನಿಯರಿಂಗ್ ಮಾಡದವರಿಗೆ ಇದರಲ್ಲಿ ಜಾಗ ಇಲ್ಲವೇನ್ರಿ ಸರ್?’ ಎಂದಳು. ಇದೆಯಮ್ಮ, ದೊಡ್ಡ ಜಾಗವೇ ಇದೆ ಎಂದೆ. ಎಣ್ಣೆ ಎಲ್ಲಿರಬಹುದೆಂದು ಮೊದಲು ಹೇಳುವವರು ಭೂವಿಜ್ಞಾನಿ ಮತ್ತು ಭೂಭೌತವಿಜ್ಞಾನಿ. ಎಂಜಿನಿಯರ್ ಬರುವುದು ಅವರ ಹಿಂದೆ. ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಇದ್ದರೆ ಎಂ.ಎಸ್ಸಿ.ಗೆ ಐಐಟಿಗಳ ಜಾಮ್ ಪರೀಕ್ಷೆ ಬರೆಯಬಹುದು. ಕರ್ನಾಟಕದಲ್ಲಿಯೇ ಆದರೆ ಧಾರವಾಡ ಮತ್ತು ಮೈಸೂರು ವಿಶ್ವವಿದ್ಯಾಲಯಗಳಿವೆ, ಅವಳ ಮನೆಯಿಂದ ದೂರವಲ್ಲದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ. ಮುಂದೆ ಗೇಟ್ ಪರೀಕ್ಷೆಯಲ್ಲಿ ಭೂವಿಜ್ಞಾನ ಮತ್ತು ಭೂಭೌತವಿಜ್ಞಾನ ಎರಡಕ್ಕೂ ಸೇರಿ ಒಂದು ಪತ್ರಿಕೆ ಇದೆ. ರಸಾಯನಶಾಸ್ತ್ರದ ಎಂ.ಎಸ್ಸಿ. ಆದವರನ್ನೂ ಮಡ್, ಸಿಮೆಂಟ್, ಪ್ರಯೋಗಾಲಯಗಳ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಅವಳು ಎಲ್ಲವನ್ನೂ ಬರೆದುಕೊಂಡು, ತಂದೆಯ ಗಣಿಯ ಒಂದು ಕಲ್ಲಿನ ಚೂರನ್ನು ಚೀಲದಿಂದ ತೆಗೆದು ತೋರಿಸಿದಳು. ಅದರಲ್ಲಿ ಅಲೆಗಳು ತಟ್ಟಿದ ಗುರುತಿನಂತೆ ಸಣ್ಣ ಏರಿಳಿತಗಳಿದ್ದವು. ಇವು ಹೇಗೆ ಆದವು ಎಂದು ಅವಳು ಕೇಳಿದಳು. ಸಭಾಂಗಣದ ದೀಪ ಆರಿಸುವವರೆಗೆ ನಾವಿಬ್ಬರೂ ಆ ಕಲ್ಲನ್ನು ನೋಡುತ್ತ ಮಾತನಾಡಿದೆವು.